ಖಾಸಗಿ ಕಂಪನಿಯ ವಕೀಲರು: ಸ್ಥಾಪನೆಯ ಕಾಗದದಿಂದ ಮಾರಾಟದ ಕಾಗದದವರೆಗೆ

ಷೇರುಪೇಟೆಯಲ್ಲಿ ವಹಿವಾಟಾಗುವ ಕಂಪನಿಯ ಷೇರುದಾರರಿಗೆ ಆಡಳಿತ ಮಂಡಳಿಯ ನಡೆ ಹಿಡಿಸದಿದ್ದರೆ ಅವರು ಅಂದೇ ಷೇರು ಮಾರಿ ಹೊರಬೀಳಬಹುದು. ಖಾಸಗಿ ಕಂಪನಿಯ ಷೇರುದಾರರಿಗೆ ಆ ಅವಕಾಶವಿಲ್ಲ. ಅವರ ಷೇರಿಗೆ ದಿನದಿನದ ಬೆಲೆ ಇರುವುದಿಲ್ಲ, ಕೊಳ್ಳುವವರು ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ಅವರಿಗೆ ಮಾರಲು ಉಳಿದವರ ಒಪ್ಪಿಗೆ ಬೇಕಾಗಬಹುದು. ಭಾರತದ 2013ರ ಕಂಪನಿ ಕಾಯ್ದೆಯಂತೂ ಷೇರು ವರ್ಗಾವಣೆಯ ಮೇಲಿನ ನಿರ್ಬಂಧವನ್ನು ಖಾಸಗಿ ಕಂಪನಿಯ ವ್ಯಾಖ್ಯೆಯೊಳಗೇ ಸೇರಿಸಿ, ಸದಸ್ಯರ ಸಂಖ್ಯೆಗೂ 200ರ ಮಿತಿ ಹಾಕಿದೆ. ಬೆಲೆ ಕಟ್ಟುವುದು, ಹೊರಹೋಗುವ ದಾರಿ ತೆರೆಯುವುದು, ಅಲ್ಪಸಂಖ್ಯಾತ ಷೇರುದಾರರನ್ನು ಕಾಯುವುದು ಇವೆಲ್ಲ ಪೇಟೆಯಿದ್ದಲ್ಲಿ ಬಹುಮಟ್ಟಿಗೆ ತಾವಾಗಿಯೇ ನಡೆಯುತ್ತವೆ. ಪೇಟೆ ಇಲ್ಲದಲ್ಲಿ ಅಷ್ಟನ್ನೂ ಕರಾರಿನಲ್ಲಿ ಬರೆದುಕೊಳ್ಳಬೇಕು. ಖಾಸಗಿ ಕಂಪನಿಗಳಿಗೆ ಸಲಹೆ ಕೊಡುವ ವಕೀಲರ ವೃತ್ತಿ ನಿಂತಿರುವುದೇ ಈ ಕೊರತೆಯ ಮೇಲೆ.

ವಕೀಲರೆಂದರೆ ವ್ಯಾಜ್ಯ ಹುಟ್ಟಿದ ಮೇಲೆ ಹುಡುಕುವ ಜನ ಎಂಬ ತಿಳಿವಳಿಕೆ ಈ ಕ್ಷೇತ್ರಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಕಂಪನಿ ಮಾರಾಟವಾದ ದಿನ ಯಾರ ಕೈಗೆ ಎಷ್ಟು ಹಣ ಬರುತ್ತದೆ ಎಂಬುದನ್ನು ಆ ದಿನದ ಚೌಕಾಸಿಗಿಂತ ಹೆಚ್ಚಾಗಿ, ಮಾರಾಟದ ಯೋಚನೆಯೂ ಇಲ್ಲದ ಆರಂಭದ ವರ್ಷಗಳಲ್ಲಿ ಸಹಿಯಾದ ಕಾಗದಗಳು ತೀರ್ಮಾನಿಸುತ್ತವೆ. ಹಾಗಾಗಿ ಅನುಭವಿ ವಕೀಲರು ಮೊದಲ ದಿನದ ದಾಖಲೆಯನ್ನು ಮುಂದೊಂದು ದಿನ ಕಂಪನಿಯನ್ನು ಕೊಳ್ಳಲು ಬರುವವರ ಕಣ್ಣಿನಿಂದ ಓದುತ್ತಾರೆ.

ಕಂಪನಿಯನ್ನು ನೋಂದಾಯಿಸುವುದು ಇಂದು ಬಹುತೇಕ ದೇಶಗಳಲ್ಲಿ ಕೆಲವು ನಮೂನೆಗಳನ್ನು ತುಂಬುವಷ್ಟರ ಕೆಲಸ. ಅದರಿಂದ ಹುಟ್ಟುವ ಪರಿಣಾಮ ಮಾತ್ರ ಸಣ್ಣದಲ್ಲ. ಇಂಗ್ಲೆಂಡಿನ ಬೂಟು ತಯಾರಕ ಸಾಲೊಮನ್ ತನ್ನ ವ್ಯಾಪಾರವನ್ನು ಕಂಪನಿಯಾಗಿಸಿದಾಗ 20,007 ಷೇರುಗಳ ಪೈಕಿ 20,001 ಅವನ ಹೆಸರಿನಲ್ಲೇ ಇದ್ದವು. ಉಳಿದ ಆರು ಹೆಂಡತಿ ಮಕ್ಕಳ ಹೆಸರಿನಲ್ಲಿದ್ದವು. ಕಂಪನಿ ಮುಳುಗಿದಾಗ ಸಾಲ ಕೊಟ್ಟವರು ಅವನನ್ನೇ ಹಿಡಿದರು. ಕಾನೂನಿನ ಪ್ರಕಾರ ರಚನೆಯಾದ ಕಂಪನಿ ಅದರ ಒಡೆಯನಿಂದ ಬೇರೆಯಾದ ವ್ಯಕ್ತಿ, ಅದರ ಸಾಲ ಅವನ ಸಾಲವಲ್ಲ ಎಂದು ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1896ರಲ್ಲಿ ತೀರ್ಪು ಕೊಟ್ಟಿತು. ಇದರ ಇನ್ನೊಂದು ಮುಖವನ್ನು ಸಂಸ್ಥಾಪಕರು ಮರೆಯುವುದುಂಟು: ಕಂಪನಿಯ ಸಾಲ ತಮ್ಮದಲ್ಲವಾದರೆ ಕಂಪನಿಯ ಆಸ್ತಿಯೂ ತಮ್ಮದಲ್ಲ. ತಮ್ಮದೆಂದು ಹೇಳಿಕೊಳ್ಳಲು ಅವರಿಗೆ ಉಳಿಯುವುದು ಷೇರುಗಳು ಮಾತ್ರ.

ಆ ಷೇರುಗಳನ್ನು ಹಂಚಿಕೊಳ್ಳುವಲ್ಲಿಯೇ ಮೊದಲ ತೊಡಕು. ಇಬ್ಬರು ಸ್ನೇಹಿತರು ಅರ್ಧರ್ಧ ಎಂದು ಬರೆದುಕೊಂಡು ಕೆಲಸ ಶುರುಮಾಡುತ್ತಾರೆ. ಹದಿನಾಲ್ಕನೆಯ ತಿಂಗಳಲ್ಲಿ ಒಬ್ಬರಿಗೆ ಬೇರೆ ಕಡೆ ಒಳ್ಳೆಯ ಉದ್ಯೋಗ ಸಿಕ್ಕಿ ಹೊರಡುತ್ತಾರೆ. ಬೇರೇನನ್ನೂ ಬರೆದಿರದಿದ್ದರೆ ಅವರು ಅರ್ಧ ಕಂಪನಿಯನ್ನು ಜೊತೆಗೇ ಒಯ್ಯುತ್ತಾರೆ, ಉಳಿದವರು ಮುಂದಿನ ಎಂಟು ವರ್ಷ ದುಡಿದು ಕಟ್ಟಿದ್ದರ ಅರ್ಧವೂ ಅವರದೇ ಆಗುತ್ತದೆ. ಇದಕ್ಕಾಗಿಯೇ ಷೇರುಗಳು ಕಾಲಕ್ರಮದಲ್ಲಿ ಪಕ್ಕಾ ಆಗುವ ವೆಸ್ಟಿಂಗ್ ಏರ್ಪಾಡು ರೂಢಿಗೆ ಬಂದಿದೆ. ಸಾಮಾನ್ಯ ಪದ್ಧತಿಯಂತೆ ನಾಲ್ಕು ವರ್ಷಗಳ ಅವಧಿ ಇರುತ್ತದೆ. ಮೊದಲ ವರ್ಷ ಮುಗಿಯುವವರೆಗೆ ಒಂದು ಷೇರೂ ಪಕ್ಕಾ ಆಗುವುದಿಲ್ಲ, ಮುಗಿದೊಡನೆ ಕಾಲು ಭಾಗ ಒಮ್ಮೆಗೇ ಪಕ್ಕಾ ಆಗುತ್ತದೆ, ಆ ಮೇಲೆ ತಿಂಗಳಿಗೆ ನಲವತ್ತೆಂಟನೆಯ ಒಂದು ಪಾಲು ಲೆಕ್ಕಕ್ಕೆ ಬರುತ್ತದೆ. ಈ ಏರ್ಪಾಡಿನಲ್ಲಿ ಹದಿನಾಲ್ಕನೆಯ ತಿಂಗಳು ಮುಗಿಸಿ ಹೊರಟವರಿಗೆ ತಮ್ಮ ಪಾಲಿನ ಸುಮಾರು ಶೇ 29 ಉಳಿಯುತ್ತದೆ, ಮಿಕ್ಕಿದ್ದನ್ನು ಕಂಪನಿ ಅತ್ಯಲ್ಪ ಬೆಲೆಗೆ ಹಿಂಪಡೆಯುತ್ತದೆ. ಒಳ್ಳೆಯ ಉದ್ದೇಶದ ಈ ಏರ್ಪಾಡಿಗೂ ತೆರಿಗೆಯ ಕೊಕ್ಕೆಯಿದೆ. ಅಮೆರಿಕದಲ್ಲಿ ಹೀಗೆ ಷೇರು ಪಡೆದ ಸಂಸ್ಥಾಪಕರು 30 ದಿನಗಳೊಳಗೆ ತೆರಿಗೆ ಸಂಹಿತೆಯ 83(ಬಿ) ಪ್ರಕಾರ ಘೋಷಣೆ ಸಲ್ಲಿಸದಿದ್ದರೆ, ಷೇರುಗಳು ಪಕ್ಕಾ ಆದಾಗಲೆಲ್ಲ ಅಂದಿನ ಬೆಲೆಯ ಮೇಲೆ ವರಮಾನ ತೆರಿಗೆ ಬೀಳುತ್ತದೆ. ಒಂದು ಷೇರನ್ನೂ ಮಾರಿ ಹಣ ಕಂಡಿರದವರು ತೆರಿಗೆ ಕಟ್ಟುವ ಪರಿಸ್ಥಿತಿ ಅದು. ಗಡುವು ತಪ್ಪಿದರೆ ಆಮೇಲೆ ಸರಿಪಡಿಸುವ ದಾರಿಯೂ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಜೊತೆಗಾರರು ಬೇರ್ಪಡುವಾಗ ಪೇಟೆಯಿಲ್ಲದ ಷೇರಿನ ಪಾಡು ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ವೆಸ್ಟ್‌ಬೋರ್ನ್ ಗ್ಯಾಲರೀಸ್ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ರತ್ನಗಂಬಳಿ ವ್ಯಾಪಾರದಲ್ಲಿ ಸರಿಸಮ ಪಾಲುದಾರರಾಗಿದ್ದ ಎಬ್ರಾಹಿಮಿ ಮತ್ತು ನಜರ್ ತಮ್ಮ ವ್ಯಾಪಾರವನ್ನು 1958ರಲ್ಲಿ ಕಂಪನಿಯಾಗಿಸಿದರು. ಸ್ವಲ್ಪ ಕಾಲದಲ್ಲೇ ಇಬ್ಬರೂ ತಲಾ ನೂರು ಷೇರುಗಳನ್ನು ನಜರ್ ಅವರ ಮಗನಿಗೆ ಬಿಟ್ಟುಕೊಟ್ಟರು. ಆ ಕ್ಷಣದಲ್ಲೇ ಬಹುಮತ ತಂದೆ ಮಗನ ಕಡೆ ವಾಲಿತ್ತು, ಅದರ ಪರಿಣಾಮ ಕಂಡದ್ದು ಮಾತ್ರ 1969ರಲ್ಲಿ ಎಬ್ರಾಹಿಮಿಯನ್ನು ನಿರ್ದೇಶಕ ಸ್ಥಾನದಿಂದ ಇಳಿಸಿದಾಗ. ಕಂಪನಿ ಲಾಭಾಂಶ ಹಂಚುತ್ತಿರಲಿಲ್ಲ. ಲಾಭವೆಲ್ಲ ನಿರ್ದೇಶಕರ ಸಂಭಾವನೆಯಾಗಿ ಹೋಗುತ್ತಿತ್ತು. ಸ್ಥಾನ ಹೋದೊಡನೆ ಆದಾಯ ನಿಂತಿತು, ಷೇರು ಮಾರೋಣವೆಂದರೆ ಕೊಳ್ಳುವವರಿರಲಿಲ್ಲ. ಕೊನೆಗೆ ಹೌಸ್ ಆಫ್ ಲಾರ್ಡ್ಸ್ ನ್ಯಾಯದ ದೃಷ್ಟಿಯಿಂದ ಕಂಪನಿಯನ್ನೇ ಮುಚ್ಚಲು ಆದೇಶಿಸಿತು. ಲಾಭದಲ್ಲಿದ್ದ ವ್ಯಾಪಾರವನ್ನು ಮುಚ್ಚಿಸಿ ಪಡೆಯುವ ಪರಿಹಾರ ಎಂಥ ಪರಿಹಾರ? ಒಬ್ಬರನ್ನು ಹೊರಹಾಕಿದರೆ ಅವರ ಷೇರನ್ನು ಸ್ವತಂತ್ರ ಲೆಕ್ಕಪರಿಶೋಧಕರು ನಿಗದಿಪಡಿಸಿದ ಬೆಲೆಗೆ ಉಳಿದವರು ಕೊಳ್ಳತಕ್ಕದ್ದು ಎಂಬ ಒಂದು ಷರತ್ತನ್ನು 1958ರಲ್ಲೇ ಬರೆದಿದ್ದರೆ ಈ ವ್ಯಾಜ್ಯಕ್ಕೆ ಕಾರಣವೇ ಇರುತ್ತಿರಲಿಲ್ಲ.

ಇಂಥ ಷರತ್ತು ಬರೆಯುವ ವಕೀಲರು ಯಾರ ಪರ? ಮೊದಲ ಸಭೆಯಲ್ಲಿ ಇಬ್ಬರೂ ಸಂಸ್ಥಾಪಕರು ಎದುರಿಗೆ ಕುಳಿತಿರುತ್ತಾರೆ, ಇಬ್ಬರೂ ಅವರನ್ನು ನಮ್ಮ ವಕೀಲರು ಎಂದೇ ಭಾವಿಸುತ್ತಾರೆ. ಅಮೆರಿಕದ ವಕೀಲರ ಸಂಘದ ಮಾದರಿ ನಡತೆ ನಿಯಮಗಳ 1.13ನೆಯ ನಿಯಮದ ಪ್ರಕಾರ ಸಂಸ್ಥೆಯ ವಕೀಲರ ಕಕ್ಷಿದಾರ ಸಂಸ್ಥೆಯೇ. ಅದರ ಪರವಾಗಿ ಮಾತಾಡುವ ಅಧಿಕಾರಿಗಳೂ ನಿರ್ದೇಶಕರೂ ಷೇರುದಾರರೂ ಅಲ್ಲ. ವೆಸ್ಟಿಂಗ್ ಷರತ್ತು ಕಂಪನಿಗೆ ಹಿತ, ಹೊರಡುವ ಸಂಸ್ಥಾಪಕರಿಗೆ ಅಹಿತ. ಆದ್ದರಿಂದ ಪ್ರಾಮಾಣಿಕ ವಕೀಲರು ಈ ಹಂತದಲ್ಲೇ, ನೀವಿಬ್ಬರೂ ಬೇಕಿದ್ದರೆ ಬೇರೆ ಬೇರೆ ಸಲಹೆ ಪಡೆದುಕೊಳ್ಳಿ ಎಂದು ಲಿಖಿತವಾಗಿ ತಿಳಿಸುತ್ತಾರೆ. ಈ ಪತ್ರವನ್ನು ಸಂಸ್ಥಾಪಕರು ಸಾಮಾನ್ಯವಾಗಿ ಓದದೆ ಬದಿಗಿಡುತ್ತಾರೆ.

ಇನ್ನು ಬೌದ್ಧಿಕ ಆಸ್ತಿ. ತಂತ್ರಾಂಶ ಕಂಪನಿಯೊಂದರ ಬಹುಪಾಲು ಮೌಲ್ಯ ಅದರ ಕೋಡ್‌ನಲ್ಲಿರುತ್ತದೆ, ಆ ಕೋಡ್‌ನ ಮೊದಲ ಭಾಗವನ್ನು ಹಲವು ಬಾರಿ ಹೊರಗಿನವರೊಬ್ಬರು ಗುತ್ತಿಗೆಯ ಮೇಲೆ ಬರೆದಿರುತ್ತಾರೆ. ಹಣ ಕೊಟ್ಟ ಮೇಲೆ ಕೋಡ್ ನಮ್ಮದೇ ಎಂದು ಕಂಪನಿ ನಂಬಿಕೊಂಡಿರುತ್ತದೆ. ನೌಕರರು ಕೆಲಸದ ಭಾಗವಾಗಿ ಬರೆದುದರ ಹಕ್ಕು ಸಾಮಾನ್ಯವಾಗಿ ಮಾಲೀಕರದು ಎಂಬುದು ಹಲವು ದೇಶಗಳ ನಿಯಮವಾದರೂ, ಗುತ್ತಿಗೆದಾರರಿಗೆ ಅದು ಹಾಗೆಯೇ ಅನ್ವಯಿಸುವುದಿಲ್ಲ. ಅವರಿಂದ ಹಕ್ಕನ್ನು ಲಿಖಿತವಾಗಿ ಬರೆಸಿಕೊಳ್ಳಬೇಕು. ಬರೆಸಿಕೊಂಡರೂ ಮುಗಿಯಲಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಹಕ್ಕು ಹಸ್ತಾಂತರದ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಗಳಿಗೆ ಮಾತ್ರ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಭಾವಿಸಲಾಗುತ್ತದೆ. ಎರಡು ಸಾಲು ಬಿಟ್ಟುಹೋದ ಪತ್ರವಿಟ್ಟುಕೊಂಡ ಕಂಪನಿ, ಆರನೆಯ ವರ್ಷ ವಿದೇಶಿ ಖರೀದಿದಾರರ ಮುಂದೆ ಕುಳಿತಾಗ ತನ್ನ ಮುಖ್ಯ ಸರಕಿನ ಮೇಲೆಯೇ ಹಕ್ಕು ಕಳೆದುಕೊಂಡಿರಬಹುದು.

ಪೇಟೆಂಟಿನಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ತಮ್ಮ ಆವಿಷ್ಕಾರದ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಕೊಡಲು ಒಪ್ಪುತ್ತೇನೆ ಎಂದು ಬರೆದುಕೊಟ್ಟಿದ್ದರು. ಆಮೇಲೆ ಕೆಲಕಾಲ ಸಂಶೋಧನೆಗೆಂದು ಹೋದ ಸೀಟಸ್ ಎಂಬ ಕಂಪನಿಗೆ, ಹಕ್ಕನ್ನು ಈ ಮೂಲಕ ಹಸ್ತಾಂತರಿಸುತ್ತೇನೆ ಎಂದು ಸಹಿ ಹಾಕಿದರು. ಮೊದಲನೆಯದು ಮುಂದೆ ಕೊಡುವ ಭರವಸೆ, ಎರಡನೆಯದು ಕೊಟ್ಟೇಬಿಟ್ಟ ಕ್ರಿಯೆ ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಹೀಗಾಗಿ ಸೀಟಸ್‌ನ ವ್ಯಾಪಾರವನ್ನು ಕೊಂಡಿದ್ದ ರೋಶ್ ಕಂಪನಿ ಪೇಟೆಂಟಿನಲ್ಲಿ ಪಾಲುದಾರನಾಯಿತು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಹ ವಿಶ್ವವಿದ್ಯಾಲಯದ ಕೈ ಹಿಡಿಯಲಿಲ್ಲ. ನೌಕರಿಯ ಕರಾರಿನಲ್ಲಿ ಹಕ್ಕು ಹಸ್ತಾಂತರದ ವಾಕ್ಯ ವರ್ತಮಾನ ಕಾಲದಲ್ಲಿರಲಿ ಎಂದು ವಕೀಲರು ಪಟ್ಟುಹಿಡಿಯುವುದರ ಹಿಂದೆ ಇಂಥ ತೀರ್ಪುಗಳಿವೆ.

ಷೇರುದಾರರ ಒಪ್ಪಂದ ಮತ್ತು ಆರ್ಟಿಕಲ್ಸ್ ಎಂದು ಕರೆಯುವ ಕಂಪನಿಯ ಅಂತರ್ನಿಯಮಾವಳಿ ಒಂದಕ್ಕೊಂದು ಹೊಂದಿಕೊಂಡಿರಬೇಕು ಎಂಬುದೂ ಈ ಹಂತದ ಪಾಠವೇ. ಒಂದು ಕುಟುಂಬ ಕಂಪನಿಯಲ್ಲಿ, ಷೇರು ಮಾರುವವರು ಮೊದಲು ತಮ್ಮ ಕವಲಿನವರಿಗೇ ಕೊಡಬೇಕು ಎಂದು ಸದಸ್ಯರು ಮಾಡಿಕೊಂಡ ಒಪ್ಪಂದವನ್ನು, ಅದು ಅಂತರ್ನಿಯಮಾವಳಿಯಲ್ಲಿ ಇರಲಿಲ್ಲವೆಂಬ ಕಾರಣಕ್ಕೆ ಭಾರತದ ಸುಪ್ರೀಂ ಕೋರ್ಟ್ ರಂಗರಾಜ್ ಪ್ರಕರಣದಲ್ಲಿ ಎತ್ತಿಹಿಡಿಯಲಿಲ್ಲ. ಅದು 1990ರ ದಶಕದ ಆರಂಭದ ಮಾತು. ಆಮೇಲಿನ ಕಾಯ್ದೆ ಷೇರು ವರ್ಗಾವಣೆಯ ಕರಾರುಗಳಿಗೆ ಸ್ವಲ್ಪ ಬಲ ಕೊಟ್ಟಿದೆ. ಆದರೂ ಎರಡೂ ಕಡೆ ಬರೆಯುವ ಪದ್ಧತಿಯನ್ನು ಯಾವ ವಕೀಲರೂ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ.

ಹೂಡಿಕೆ ಬರುವ ಹಂತದಲ್ಲಿ ವಿಷಯ ಲೆಕ್ಕದ ಕಡೆ ತಿರುಗುತ್ತದೆ. ಮೊದಮೊದಲ ಹಣ ಹಲವು ಬಾರಿ ಷೇರಿನ ರೂಪದಲ್ಲಿ ಬರುವುದೇ ಇಲ್ಲ. ಮುಂದಿನ ಹೂಡಿಕೆಯ ಸುತ್ತಿನಲ್ಲಿ ಷೇರಾಗಿ ಬದಲಾಗುವ ಪತ್ರದ ಮೇಲೆ ಬರುತ್ತದೆ. ಹೊಸ ಕಂಪನಿಗಳಲ್ಲಿ ಹಣ ಹೂಡುವ ಅಮೆರಿಕದ ವೈ ಕಾಂಬಿನೇಟರ್ ಸಂಸ್ಥೆ 2013ರಲ್ಲಿ ಬಿಡುಗಡೆ ಮಾಡಿದ ಸೇಫ್ ಎಂಬ ಪತ್ರ ಇವುಗಳಲ್ಲಿ ಪ್ರಸಿದ್ಧ. ಕೆಲವೇ ಪುಟಗಳು, ಬಡ್ಡಿಯಿಲ್ಲ, ಗಡುವಿಲ್ಲ. ಈ ಸರಳತೆಯೇ ಸಂಸ್ಥಾಪಕರನ್ನು ಮರುಳುಗೊಳಿಸುತ್ತದೆ. 2018ರ ನಂತರದ ನಮೂನೆಯಲ್ಲಿ ಒಂದು ಕೋಟಿಯನ್ನು ಹತ್ತು ಕೋಟಿ ಮೌಲ್ಯದ ಮಿತಿಗೆ (ಷೇರಾಗಿ ಬದಲಾಗುವಾಗ ಕಂಪನಿಗೆ ಕಟ್ಟಬಹುದಾದ ಗರಿಷ್ಠ ಮೌಲ್ಯಕ್ಕೆ), ಒಂದೂವರೆ ಕೋಟಿಯನ್ನು ಹದಿನೈದು ಕೋಟಿಗೆ, ಎರಡು ಕೋಟಿಯನ್ನು ಇಪ್ಪತ್ತು ಕೋಟಿಗೆ ಪಡೆದರೆ ಪ್ರತಿಯೊಂದೂ ಶೇ 10 ಪಾಲಿಗೆ ಸಮ. ಒಬ್ಬ ಪತ್ರದಾರರಿಂದ ಇನ್ನೊಬ್ಬ ಪತ್ರದಾರರ ಪಾಲು ಕರಗುವುದಿಲ್ಲ. ಕರಗುವುದೆಲ್ಲ ಸಂಸ್ಥಾಪಕರ ಮತ್ತು ಇತರ ಷೇರುದಾರರ ಪಾಲು. ಹೀಗೆ ಶೇ 30 ಹೋದ ಮೇಲೆ ಹೊಸ ಸುತ್ತಿನ ಹೂಡಿಕೆದಾರರಿಗೆ ಶೇ 20 ಕೊಟ್ಟರೆ ಸಂಸ್ಥಾಪಕರಿಗೆ ಉಳಿಯುವುದು ಶೇ 56. ನೌಕರರಿಗಾಗಿ ತೆಗೆದಿಡುವ ಷೇರುಗಳನ್ನು ಇನ್ನೂ ಕಳೆದಿಲ್ಲ.

ದೊಡ್ಡ ಹೂಡಿಕೆದಾರರು ಪಡೆಯುವುದು ಸಾಮಾನ್ಯ ಷೇರುಗಳನ್ನಲ್ಲ, ಆದ್ಯತಾ ಷೇರುಗಳನ್ನು. ಅವುಗಳ ಹೃದಯಭಾಗ ಲಿಕ್ವಿಡೇಷನ್ ಪ್ರಿಫರೆನ್ಸ್ ಎಂಬ ಷರತ್ತು: ಕಂಪನಿ ಮಾರಾಟವಾದರೆ ಅಥವಾ ಮುಚ್ಚಿದರೆ ಹೂಡಿಕೆದಾರರಿಗೆ ಮೊದಲು, ಉಳಿದವರಿಗೆ ಆಮೇಲೆ. ಪತ್ರಿಕೆಗಳಲ್ಲಿ ಬರುವ ಕಂಪನಿಯ ಮೌಲ್ಯದ ಅಂಕಿಗಿಂತ ಈ ಷರತ್ತಿನ ಒಂದೆರಡು ಸಾಲು ಸಂಸ್ಥಾಪಕರ ಭವಿಷ್ಯಕ್ಕೆ ಹೆಚ್ಚು ಮುಖ್ಯ. ಹೂಡಿಕೆದಾರರು 20 ಕೋಟಿ ಹಾಕಿ ಶೇ 20 ಪಾಲು ಪಡೆದಿದ್ದಾರೆ ಎಂದುಕೊಳ್ಳೋಣ; ನಾಣ್ಯ ಯಾವುದಾದರೂ ಲೆಕ್ಕ ಒಂದೇ. ಷರತ್ತು ಸಾಧಾರಣ ರೀತಿಯದಾದರೆ ಹೂಡಿಕೆದಾರರು ತಮ್ಮ 20 ಕೋಟಿಯನ್ನು ಹಿಂಪಡೆಯಬಹುದು, ಇಲ್ಲವೇ ಅದನ್ನು ಬಿಟ್ಟು ಶೇ 20 ಪಾಲನ್ನು ತೆಗೆದುಕೊಳ್ಳಬಹುದು, ಎರಡೂ ಅಲ್ಲ. ಭಾಗವಹಿಸುವ ಆದ್ಯತೆ ಎಂಬ ಇನ್ನೊಂದು ರೀತಿಯಲ್ಲಾದರೆ ಮೊದಲು 20 ಕೋಟಿ ತೆಗೆದುಕೊಂಡು, ಮಿಕ್ಕ ಹಣದಲ್ಲಿ ಮತ್ತೆ ಶೇ 20 ಪಡೆಯುತ್ತಾರೆ.

ಕಂಪನಿ 40 ಕೋಟಿಗೆ ಮಾರಾಟವಾದರೆ ಸಾಧಾರಣ ಷರತ್ತಿನಲ್ಲಿ ಹೂಡಿಕೆದಾರರಿಗೆ 20 ಕೋಟಿ, ಭಾಗವಹಿಸುವ ಷರತ್ತಿನಲ್ಲಿ 24 ಕೋಟಿ. ನೂರು ಕೋಟಿಗೆ ಮಾರಾಟವಾದರೆ 20 ಮತ್ತು 36. ಮುನ್ನೂರು ಕೋಟಿಗಾದರೆ 60 ಮತ್ತು 76. ನೂರು ಕೋಟಿ ದಾಟಿದ ಮೇಲೆ ಎರಡರ ನಡುವಿನ ಅಂತರ 16 ಕೋಟಿಗೆ ನಿಂತುಬಿಡುತ್ತದೆ ಎಂಬುದನ್ನು ಗಮನಿಸಬೇಕು. ಅಂದರೆ ದೊಡ್ಡ ಯಶಸ್ಸಿನಲ್ಲಿ ಈ ಷರತ್ತು ಅಷ್ಟಾಗಿ ನೋಯಿಸುವುದಿಲ್ಲ; ಹೂಡಿಕೆಯ ಹೊತ್ತಿನ ಮೌಲ್ಯದ ಆಸುಪಾಸಿನಲ್ಲಿ, ಅಂದರೆ ನಡುಮಟ್ಟದ ಮಾರಾಟದಲ್ಲಿ, ಒಟ್ಟು ಬೆಲೆಯ ಶೇ 16ರಷ್ಟನ್ನು ಇತರರಿಂದ ಕಿತ್ತುಕೊಳ್ಳುತ್ತದೆ. ಸಂಸ್ಥಾಪಕರು ಸಹಿ ಹಾಕುವಾಗ ಮುನ್ನೂರು ಕೋಟಿಯ ಕನಸಿನಲ್ಲಿರುತ್ತಾರೆ. ಆದ್ದರಿಂದ ಷರತ್ತು ಅವರಿಗೆ ಸಣ್ಣದಾಗಿ ಕಾಣುತ್ತದೆ. ಹೂಡಿದ್ದರ ಎರಡರಷ್ಟು ಮೊದಲು ಎಂಬ ಷರತ್ತಿದ್ದರಂತೂ 40 ಕೋಟಿಯ ಮಾರಾಟದಲ್ಲಿ ಬೇರೆ ಯಾರಿಗೂ ಏನೂ ಉಳಿಯುವುದಿಲ್ಲ. ಕಂಪನಿಯ ಮೌಲ್ಯವನ್ನು ಸ್ವಲ್ಪ ತಗ್ಗಿಸಿಕೊಂಡಾದರೂ ಸಾಧಾರಣ ಷರತ್ತನ್ನು ಪಡೆಯಿರಿ ಎಂದು ವಕೀಲರು ಹೇಳಿದರೆ ಆ ಸಲಹೆಯ ಬೆನ್ನಿಗೆ ಈ ಲೆಕ್ಕವಿರುತ್ತದೆ.

ಹಣದ ಷರತ್ತುಗಳ ಜೊತೆಗೆ ಅಧಿಕಾರದ ಷರತ್ತುಗಳೂ ಬರುತ್ತವೆ: ಮಂಡಳಿಯಲ್ಲಿ ಸ್ಥಾನ, ಕೆಲವು ನಿರ್ಧಾರಗಳಿಗೆ ಹೂಡಿಕೆದಾರರ ಒಪ್ಪಿಗೆ, ಷೇರು ಮಾರುವಾಗ ಮೊದಲು ಕೊಳ್ಳುವ ಹಕ್ಕು. ಇವುಗಳಲ್ಲಿ ಮಾರಾಟದ ದೃಷ್ಟಿಯಿಂದ ಬಹಳ ತೂಕವುಳ್ಳದ್ದು ಡ್ರ್ಯಾಗ್ ಅಲಾಂಗ್, ಅಂದರೆ ನಿಗದಿತ ಬಹುಮತ ಮಾರಲು ಒಪ್ಪಿದರೆ ಉಳಿದವರೂ ಅದೇ ಷರತ್ತುಗಳ ಮೇಲೆ ಮಾರಲೇಬೇಕೆಂಬ ಕರಾರು. ಇದಿಲ್ಲದಿದ್ದರೆ ಶೇ 2ರ ಒಡೆಯರೊಬ್ಬರು ಇಡೀ ವ್ಯವಹಾರವನ್ನು ತಡೆದು ನಿಲ್ಲಿಸಬಲ್ಲರು. ಯಾರ ಬಹುಮತ ಸಾಕು, ಸಂಸ್ಥಾಪಕರ ಒಪ್ಪಿಗೆಯೂ ಬೇಕೋ ಬೇಡವೋ, ಬೆಲೆಗೆ ಕನಿಷ್ಠ ಮಿತಿ ಇದೆಯೋ ಎಂಬ ಮೂರು ಪ್ರಶ್ನೆಗಳಿಗೆ ಬರೆದಿರುವ ಉತ್ತರದಲ್ಲೇ ಕಂಪನಿಯನ್ನು ಮಾರುವ ನಿಜವಾದ ಅಧಿಕಾರ ಯಾರದೆಂಬುದು ತಿಳಿಯುತ್ತದೆ.

ನಡುವಿನ ವರ್ಷಗಳ ಕೆಲಸ ನೀರಸ. ಮಂಡಳಿಯ ಠರಾವುಗಳು, ಸಭೆಯ ನಡಾವಳಿ, ನೌಕರರಿಗೆ ಕೊಟ್ಟ ಷೇರು ಆಯ್ಕೆಗಳ (ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕುಗಳ) ದಾಖಲೆ, ಗ್ರಾಹಕರ ಕರಾರುಗಳು. ಗ್ರಾಹಕರ ಕರಾರಿನಲ್ಲಿ, ಕಂಪನಿಯ ಒಡೆತನ ಬದಲಾದರೆ ಒಪ್ಪಂದ ರದ್ದುಮಾಡಬಹುದು ಎಂಬ ಷರತ್ತು ನುಸುಳಿದೆಯೇ ಎಂದು ನೋಡುವುದೊಂದನ್ನು ಬಿಡುವಂತಿಲ್ಲ. ಮಾರಾಟದ ದಿನ ಅತಿ ದೊಡ್ಡ ಗ್ರಾಹಕರ ಅನುಮತಿಗಾಗಿ ಕಾಯುವ ಕಂಪನಿಗೆ ಚೌಕಾಸಿಯ ಶಕ್ತಿ ಉಳಿಯುವುದಿಲ್ಲ.

ಖರೀದಿದಾರರು ಬಂದಾಗ ಮೊದಲು ಸಹಿಯಾಗುವುದು ಆಶಯ ಪತ್ರ. ಅದರ ಬಹುಭಾಗ ಕಾನೂನಿನಲ್ಲಿ ಬಂಧಕವಲ್ಲ. ನಿಗದಿತ ದಿನಗಳವರೆಗೆ ಬೇರೆ ಯಾರೊಂದಿಗೂ ಮಾತುಕತೆ ಆಡಬಾರದೆಂಬಂಥ ಕೆಲವು ಭಾಗಗಳು ಮಾತ್ರ ಬಂಧಕ. ಸಹಿ ಬೀಳುವವರೆಗೆ ಬಲ ಮಾರುವವರ ಕಡೆ, ಬಿದ್ದ ಮೇಲೆ ಕೊಳ್ಳುವವರ ಕಡೆ. ಹೀಗಿದ್ದೂ ಅನೇಕರು ಈ ಪತ್ರಕ್ಕೆ ತಾವೇ ಸಹಿ ಹಾಕಿ, ಮುಖ್ಯ ಒಪ್ಪಂದದ ಹೊತ್ತಿಗೆ ವಕೀಲರನ್ನು ಕರೆಯುತ್ತಾರೆ. ಬೆಲೆ, ಪಾವತಿಯ ರೀತಿ, ತಡೆಹಿಡಿಯುವ ಹಣ ಇವೆಲ್ಲ ಆಗಲೇ ಗೊತ್ತಾಗಿಬಿಟ್ಟಿರುತ್ತವೆ.

ಆಮೇಲೆ ಖರೀದಿದಾರರು ಕಂಪನಿಯ ದಾಖಲೆಗಳನ್ನು ಜಾಲಾಡುವ ಡ್ಯೂ ಡಿಲಿಜೆನ್ಸ್ ಎಂಬ ಪರಿಶೀಲನೆ. ಹಿಂದಿನ ವರ್ಷಗಳಲ್ಲಿ ಬಿಟ್ಟುಹೋದ ಸಹಿ, ಬಾಯಿಮಾತಿನಲ್ಲಿ ಕೊಟ್ಟ ಶೇ 1 ಷೇರಿನ ಭರವಸೆ, ಗುತ್ತಿಗೆದಾರರಿಂದ ಬರೆಸಿಕೊಳ್ಳದ ಹಕ್ಕುಪತ್ರ ಎಲ್ಲವೂ ಇಲ್ಲಿ ಹೊರಬರುತ್ತವೆ. ಆಗ ಹಳೆಯ ಗುತ್ತಿಗೆದಾರರನ್ನು ಹುಡುಕಿಕೊಂಡು ಹೋಗಿ ಸಹಿ ಕೇಳಿದರೆ, ಆ ಸಹಿಯ ಬೆಲೆ ಅವರಿಗೂ ತಿಳಿದಿರುತ್ತದೆ.

ಮಾರಾಟದ ಒಪ್ಪಂದದಲ್ಲಿ ಮಾರುವವರು ಕಂಪನಿಯ ಸ್ಥಿತಿಗತಿಯ ಬಗ್ಗೆ ಹತ್ತಾರು ಪುಟಗಳ ಖಾತರಿ ಕೊಡುತ್ತಾರೆ: ತೆರಿಗೆ ಬಾಕಿಯಿಲ್ಲ, ವ್ಯಾಜ್ಯವಿಲ್ಲ, ಆಸ್ತಿಯೆಲ್ಲ ಕಂಪನಿಯದೇ ಎಂದು. ಇದಕ್ಕೆ ಅಪವಾದಗಳನ್ನು ಪಟ್ಟಿಮಾಡುವ ಅನುಬಂಧವೊಂದಿರುತ್ತದೆ. ದೋಷ ಒಪ್ಪಿಕೊಂಡರೆ ಬೆಲೆ ಇಳಿದೀತೆಂದು ಸಂಸ್ಥಾಪಕರು ಈ ಪಟ್ಟಿಯನ್ನು ಚಿಕ್ಕದಾಗಿಸಲು ನೋಡುತ್ತಾರೆ, ವಕೀಲರು ಉದ್ದವಾಗಿಸಲು ನೋಡುತ್ತಾರೆ. ಇಲ್ಲಿ ವಕೀಲರ ಮಾತೇ ಸರಿ, ಏಕೆಂದರೆ ಸರಿಯಾಗಿ ಬಯಲುಮಾಡಿದ ದೋಷಕ್ಕೆ ಸಾಮಾನ್ಯವಾಗಿ ಖಾತರಿ ಮುರಿದ ಹೊಣೆ ಬರುವುದಿಲ್ಲ, ಮುಚ್ಚಿಟ್ಟದ್ದಕ್ಕೆ ಬರುತ್ತದೆ. ಬೆಲೆಯ ಒಂದು ಭಾಗವನ್ನು ಎಸ್ಕ್ರೋ ಎಂಬ ಮೂರನೆಯವರ ಖಾತೆಯಲ್ಲಿ ಒಂದು ಒಂದೂವರೆ ವರ್ಷ ಇಡುವುದು ಇಂಥ ಹೊಣೆಯ ಭದ್ರತೆಗೆ. ಗಡಿ ದಾಟುವ ವ್ಯವಹಾರಗಳಲ್ಲಿ ಇದಕ್ಕೂ ಮಿತಿಗಳಿವೆ: ಭಾರತದ ಕಂಪನಿಯ ಷೇರುಗಳನ್ನು ನಿವಾಸಿಗಳು ಅನಿವಾಸಿಗಳಿಗೆ ಮಾರುವಾಗ ವಿದೇಶಿ ವಿನಿಮಯ ನಿಯಮಗಳು ಬೆಲೆಯ ಶೇ 25ರವರೆಗೆ, ಅದೂ 18 ತಿಂಗಳ ಒಳಗಿನ ಅವಧಿಗೆ ಮಾತ್ರ ಪಾವತಿ ಮುಂದೂಡಲು ಬಿಡುತ್ತವೆ.

ಸಂಸ್ಥಾಪಕರು ಅದೇ ವ್ಯಾಪಾರಕ್ಕೆ ಮತ್ತೆ ಇಳಿಯಬಾರದೆಂಬ ಷರತ್ತು ಮಾರಾಟದಲ್ಲಿ ಇದ್ದೇ ಇರುತ್ತದೆ. ನೌಕರಿ ಬಿಟ್ಟವರ ಮೇಲೆ ಇಂಥ ನಿರ್ಬಂಧ ಕ್ಯಾಲಿಫೋರ್ನಿಯದಲ್ಲಾಗಲಿ, ಭಾರತದ 1872ರ ಕರಾರು ಕಾಯ್ದೆಯ 27ನೆಯ ಸೆಕ್ಷನ್ ಅಡಿಯಲ್ಲಾಗಲಿ ನಿಲ್ಲುವುದಿಲ್ಲ. ವ್ಯಾಪಾರದ ಒಳ್ಳೆಯ ಹೆಸರನ್ನು (ಗುಡ್‌ವಿಲ್) ಮಾರಿದವರ ವಿಷಯದಲ್ಲಿ ಎರಡೂ ಕಡೆ ವಿನಾಯಿತಿಯಿದೆ. ಆದ್ದರಿಂದ ಈ ಷರತ್ತನ್ನು ನೌಕರಿಯ ಕರಾರಿನಲ್ಲಿ ಬರೆಯುವುದೋ ಮಾರಾಟದ ಕರಾರಿನಲ್ಲೋ ಎಂಬುದು ಬರಿಯ ಜೋಡಣೆಯ ಪ್ರಶ್ನೆಯಲ್ಲ.

ಹಣ ಹಂಚುವ ದಿನ ಆದ್ಯತೆಯ ಷರತ್ತು ಏನು ಮಾಡಬಲ್ಲದು ಎಂಬುದು ಟ್ರಾಡೋಸ್ ಎಂಬ ತಂತ್ರಾಂಶ ಕಂಪನಿಯ ಮಾರಾಟದಲ್ಲಿ ಕಾಣುತ್ತದೆ. 2005ರಲ್ಲಿ ಅದು 6 ಕೋಟಿ ಡಾಲರಿಗೆ ಮಾರಾಟವಾಯಿತು. ಆಡಳಿತದವರನ್ನು ಮಾರಾಟಕ್ಕೆ ಹುರಿದುಂಬಿಸಲು ಮಾಡಿದ ಯೋಜನೆಗೆ 78 ಲಕ್ಷ ಡಾಲರ್ ಹೋಯಿತು, ಮಿಕ್ಕ 5.22 ಕೋಟಿ ಆದ್ಯತಾ ಷೇರುದಾರರಿಗೆ ಹೋಯಿತು, ಸಾಮಾನ್ಯ ಷೇರುದಾರರಿಗೆ ಏನೂ ಸಿಗಲಿಲ್ಲ. ಆದ್ಯತಾ ಷೇರುದಾರರ ಹಕ್ಕೇ 5.79 ಕೋಟಿ ಇತ್ತು. ಕಂಪನಿ ವ್ಯಾಜ್ಯಗಳನ್ನು ಕೇಳುವ, ಅಮೆರಿಕದ ಡೆಲವೇರ್ ರಾಜ್ಯದ ಚಾನ್ಸರಿ ನ್ಯಾಯಾಲಯ 2013ರಲ್ಲಿ, ನಿರ್ದೇಶಕರು ಸಾಮಾನ್ಯ ಷೇರುದಾರರ ಹಿತವನ್ನು ಯೋಚಿಸಲೇ ಇಲ್ಲ, ನಡೆದ ಕ್ರಮ ನ್ಯಾಯವಾಗಿರಲಿಲ್ಲ ಎಂದಿತು. ಆದರೆ ಆ ಷೇರುಗಳಿಗೆ ಮಾರಾಟಕ್ಕೆ ಮುನ್ನವೇ ಬೆಲೆಯಿರಲಿಲ್ಲವಾದ್ದರಿಂದ ಶೂನ್ಯವೇ ನ್ಯಾಯವಾದ ಬೆಲೆ ಎಂದೂ ಹೇಳಿತು. ಮಾರಾಟಕ್ಕೆ ಮತ ಹಾಕುವ ನಿರ್ದೇಶಕರಿಗೆ ವಕೀಲರು ಇಂದು ಸಾಮಾನ್ಯ ಷೇರುದಾರರ ಹಿತವನ್ನು ಪ್ರತ್ಯೇಕವಾಗಿ ಚರ್ಚಿಸಿ ನಡಾವಳಿಯಲ್ಲಿ ದಾಖಲಿಸಿ ಎಂದು ಒತ್ತಾಯಿಸಲು ಈ ತೀರ್ಪು ಮುಖ್ಯ ಕಾರಣ.

ಮಾರಾಟ ಮುಗಿದ ಮೇಲೂ ಒಂದು ವಿಷಯ ಉಳಿಯುತ್ತದೆ. ಕಂಪನಿಯೇ ಕಕ್ಷಿದಾರ ಎಂದಾದರೆ, ಮಾತುಕತೆಯ ಕಾಲದಲ್ಲಿ ಸಂಸ್ಥಾಪಕರು ಕಂಪನಿಯ ವಕೀಲರಿಗೆ ಬರೆದ ಗೋಪ್ಯ ಇಮೇಲ್‌ಗಳು ಯಾರ ಸೊತ್ತು? ಡೆಲವೇರ್‌ನ ಅದೇ ನ್ಯಾಯಾಲಯ 2013ರಲ್ಲೇ ಗ್ರೇಟ್ ಹಿಲ್ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ವಿಲೀನದೊಂದಿಗೆ ಕಂಪನಿಯ ಎಲ್ಲ ಹಕ್ಕುಗಳ ಜೊತೆ ವಕೀಲರೊಡನೆ ನಡೆದ ಮಾತಿನ ಗೋಪ್ಯತೆಯ ಹಕ್ಕೂ ಹೊಸ ಒಡೆಯರಿಗೆ ಹೋಗುತ್ತದೆ, ಬೇರೆ ರೀತಿ ಬೇಕಿದ್ದರೆ ಒಪ್ಪಂದದಲ್ಲಿ ಬರೆದುಕೊಳ್ಳಬೇಕಿತ್ತು ಎಂದಿತು. ಮಾರಿದವರ ಮೇಲೆ ಮೋಸದ ದಾವೆ ಹೂಡಿದ್ದ ಖರೀದಿದಾರರ ಕೈಯಲ್ಲಿ, ಮಾರಿದವರು ಮಾರಾಟದ ಬಗ್ಗೆ ವಕೀಲರೊಂದಿಗೆ ಆಡಿದ ಮಾತುಗಳೇ ಇದ್ದವು, ಏಕೆಂದರೆ ಅವನ್ನೆಲ್ಲ ಕಂಪನಿಯ ಕಂಪ್ಯೂಟರುಗಳಲ್ಲೇ ಬಿಟ್ಟುಬಂದಿದ್ದರು. ಆ ತೀರ್ಪಿನಿಂದೀಚೆಗೆ ಮಾರುವವರ ವಕೀಲರು ಒಪ್ಪಂದದ ಕರಡಿಗೆ, ಮಾರಾಟಕ್ಕೆ ಸಂಬಂಧಿಸಿದ ವಕೀಲಿ ಸಂವಹನದ ಗೋಪ್ಯತೆ ಮಾರುವವರಲ್ಲೇ ಉಳಿಯತಕ್ಕದ್ದು ಎಂಬ ಷರತ್ತನ್ನು ಸೇರಿಸುತ್ತಾರೆ. ಆ ಇಮೇಲ್‌ಗಳು ಕಂಪನಿಯ ಸರ್ವರ್‌ನಲ್ಲಿ ಇರದಂತೆ ಮಾತುಕತೆಯ ಮೊದಲ ದಿನದಿಂದಲೇ ಬೇರೆ ಖಾತೆ ಬಳಸಿ ಎಂದೂ ಸಂಸ್ಥಾಪಕರಿಗೆ ಹೇಳುತ್ತಾರೆ.